ನಡುಗಡ್ಡೆಯ ಕುರಿ, ತೆರೆದಿಟ್ಟ ಮಾಹಿತಿ

ಹೊಳೆಯ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಿದರೆ ಗಲಗಲಿಯ ಗಿರಮಲ್ಲಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ನಲವತ್ತು ವರ್ಷ ಕೃಷ್ಣೆಯ ದಂಡೆಯಲ್ಲೇ ಕುರಿ ಮೇಯಿಸಿದ ಮನುಷ್ಯ. ದಂಡೆಯ ಕರಿಗಲ್ಲಿಗೆ ನೀರು ಮುಟ್ಟಿದರೆ ನಡುಗಡ್ಡೆಯಿಂದ ಕುರಿ ಹೊರಡಿಸಬೇಕು, ಇದು ಅವನಪ್ಪ ಹಾಕಿಕೊಟ್ಟ ಗುರುತು. ಅಪ್ಪನ ಕಾಲದಲ್ಲಿ ಹೊಳೆಯ ಮೇಲ್ಭಾಗದಲ್ಲಿ ಇಷ್ಟೊಂದು ಡ್ಯಾಮಿನ ಗೇಟುಗಳು ಇರಲಿಲ್ಲ, ನಡುಗಡ್ಡೆಯ ಹಾದಿಯೂ ಇಷ್ಟು ತಗ್ಗಾಗಿರಲಿಲ್ಲ ಎಂಬುದನ್ನು ಮಾತ್ರ ಪುಣ್ಯಾತ್ಮ ಮರೆತಿದ್ದ.

ಅಂದು ಮುಂಜಾನೆ ನಡುಗಡ್ಡೆಯ ಹುಲ್ಲಿನಲ್ಲಿ ಅವನ ಅರವತ್ತು ಕುರಿ, ಹದಿನೆಂಟು ಎಳೆಮರಿ ಇದ್ದವು. ಮೋಡವಿರಲಿಲ್ಲ. ಕರಿಗಲ್ಲು ಒಣಗಿತ್ತು. ಅಷ್ಟರಲ್ಲಿ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ವೈಶಾಲಿ ಫೋನು ಹಿಡಿದು ಓಡೋಡಿ ಬಂದಳು.

“ಕಾಕಾ, ಕುರಿ ಈಚಿ ದಂಡಿಗೆ ತರ್ರಿ! ಮ್ಯಾಲಿನ ಡ್ಯಾಮಿನಿಂದ ನೀರು ಬಿಟ್ಟಾರ. ಮಧ್ಯಾಹ್ನಕ್ಕ ನಮ್ಮೂರು ಮುಟ್ಟತೈತಿ.”

“ಮಳಿ ಎಲ್ಲೈತಿ ತಂಗಿ? ಡ್ಯಾಮಿನವರು ಬಂದು ನಿನ್ನ ಕಿವ್ಯಾಗ ಹೇಳಿ ಹೋದ್ರೇನು?”

“ನನಗೊಬ್ಬಾಕಿಗಲ್ರಿ, ಎಲ್ಲಾರಿಗೂ ಹೇಳ್ಯಾರ. ಎಷ್ಟು ನೀರು ಬಂತು, ಎಷ್ಟು ಬಿಟ್ರು, ದಿನಾ ಸರ್ಕಾರದ ಜಾಲತಾಣದಾಗ ಹಾಕ್ತಾರ. ಅರ್ಜಿ ಬ್ಯಾಡ, ಯಾರ ಕೈಕಾಲು ಹಿಡಿಯೂದು ಬ್ಯಾಡ. ಇದಕ್ಕ ಮುಕ್ತ ಮಾಹಿತಿ ಅಂತಾರ.”

“ಇವೆಲ್ಲಾ ಸಾವ್ಕಾರ ದೇಶದಾಗ ನಡೀತಾವ. ನಮ್ಮಂಥವ್ರಿಗೆ ಯಾಕ?”

“ನಮ್ಮಂಥ ದೇಶಗೋಳನ ಮಾಡ್ಯಾವ್ರಿ ಕಾಕಾ. ಬ್ರೆಜಿಲ್‌ದಾಗ ಸರ್ಕಾರದ ಖರ್ಚು ಜನಾನ ನೋಡಿ ಪ್ರಶ್ನೆ ಕೇಳ್ತಾರ. ಆಫ್ರಿಕಾದ ಕೀನ್ಯಾ ನಮಗಿಂತ ಮೊದಲ ಇಂಥಾ ಜಾಲತಾಣ ತೆರೀತು. ಆದ್ರ ಬರ್ತಾ ಬರ್ತಾ ಹೊಸ ಮಾಹಿತಿ ಹಾಕೂದು ಹಿಂದ ಬಿತ್ತು. ತೆರದಿಟ್ಟರ ಸಾಲದ್ರಿ. ನೋಡಾವ್ರು ಬೇಕು, ಕೇಳಾವ್ರು ಬೇಕು.”

ಗಿರಮಲ್ಲಪ್ಪ ಫೋನು ಇಸಿದುಕೊಂಡು ಕಣ್ಣು ಕಿರಿದು ಮಾಡಿ ನೋಡಿದ. ಗೆದ್ದೆನೆಂದು ನಕ್ಕ. “ಇದ್ರಾಗ ನಿನ್ನಿ ತಾರೀಖು ಐತಲ್ಲ!”

“ಕೆಳಗಿಂದು ಓದ್ರಿ, ಅದು ಇವತ್ತಿಂದು. ಮುಂಜಾನಿ ಹಾಕಿರಲಿಲ್ಲ. ಯಾಕ ಹಾಕಿಲ್ಲ ಅಂತ ಡ್ಯಾಮಿನ ಕಚೇರಿಗೆ ಫೋನ್ ಹಚ್ಚಿ ಕೇಳಿದ್ನಿ, ಆಗ ಹಾಕಿದ್ರು.”

ಗಿರಮಲ್ಲಪ್ಪ ಫೋನು ಮರಳಿ ಕೊಟ್ಟ. ಆದರೂ ಅವನ ಕಣ್ಣು ಕರಿಗಲ್ಲಿನ ಮೇಲೇ ಇತ್ತು. ಪಕ್ಕದಲ್ಲೇ ನಿಂತು ಎಲ್ಲ ಕೇಳುತ್ತಿದ್ದ ಅವನ ಹೆಂಡತಿ ತಂಗೆವ್ವ ಸೀರೆಯ ನಿರಿಗೆ ಎತ್ತಿ ಕಟ್ಟಿದಳು.

“ನೀವು ಕಲ್ಲು ನೋಡ್ಕೋತ ಕುಂದರ್ರಿ. ನಾ ಮರಿ ತರ್ತೇನಿ,” ಎಂದವಳೇ ಮೊಣಕಾಲುದ್ದದ ನೀರಿಗೆ ಇಳಿದೇಬಿಟ್ಟಳು.

ಇನ್ನು ಕೂರಲಾದೀತೇ? ಗಿರಮಲ್ಲಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಹಿಂದೆಯೇ ನಡೆದ. ಕುರಿಗಳನ್ನು ಹಾಯಿಸಿದರು, ಎಳೆಮರಿಗಳನ್ನು ಕಂಬಳಿಯಲ್ಲಿ ಹೊತ್ತು ತಂದರು. ಕೊನೆಯ ಮರಿ ತರುವಾಗ ಮಧ್ಯಾಹ್ನವಾಗಿ ನೀರು ಸೊಂಟಕ್ಕೆ ಬಂದಿತ್ತು.

ದಂಡೆ ಹತ್ತಿ ಹಿಂದಿರುಗಿ ನೋಡಿದರೆ ನಡುಗಡ್ಡೆಯ ಹಾದಿಯೇ ಕಾಣದು. ಕರಿಗಲ್ಲು ಮಾತ್ರ ಇನ್ನೂ ಒಣಗಿಯೇ ಇತ್ತು. ಗಿರಮಲ್ಲಪ್ಪ ಮರಿಯನ್ನು ಎದೆಗವಚಿಕೊಂಡ.

“ಕಲ್ಲು ನಂಬಿದ್ರ ಎಲ್ಲಾ ಹೊಳೀ ಪಾಲಾಗತಿದ್ದವು,” ಎಂದ. “ತಂಗಿ, ನಾಳಿಂದು ಎಷ್ಟೊತ್ತಿಗೆ ಹಾಕ್ತಾರವಾ?”

ಈಗ ದಿನವೂ ಎಂಟಕ್ಕೆ ಗ್ರಂಥಾಲಯದ ಬಾಗಿಲಲ್ಲಿ ಅವನೇ ಮೊದಲು. ತಡವಾದರೆ ಫೋನು ಹಚ್ಚುವವನೂ ಅವನೇ: “ಸಾಹೇಬ್ರ, ಗಲಗಲಿ ಗಿರಮಲ್ಲಪ್ಪ ಮಾತಾಡಾಕತ್ತೇನಿ. ಇವತ್ತಿನ ನೀರು ಎಲ್ಲೈತ್ರಿ?”

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಆ ಮಾಹಿತಿ ನಿಮ್ಮದು. ನಿಮ್ಮೂರಿನ ಗ್ರಂಥಾಲಯಕ್ಕೆ ನಾಳೆಯೇ ಹೋಗಿ, ಆ ಜಾಲತಾಣ ತೆರೆಸಿ ನೋಡಿ. ಹಳೆಯ ತಾರೀಖು ಕಂಡರೆ ಸುಮ್ಮನಿರಬೇಡಿ, ಕೇಳಿ. ನೀವು ಕೇಳಿದರೇ ಕಚೇರಿಯವರು ಹಾಕುತ್ತಾರೆ.