ಸಾವಿರದ ಮುನ್ನೂರ ಅರವತ್ತೇಳು ಮಾರು

ನಾನು ಕಡಲಿನ ಆಳ ಅಳೆಯುವ ಒಂದು ಯಂತ್ರ. ಕೆಳಕ್ಕೆ ಒಂದು ಸದ್ದು ಕಳಿಸುತ್ತೇನೆ. ಅದು ತಳಕ್ಕೆ ಬಡಿದು ವಾಪಸು ಬರಲು ಹಿಡಿದ ಹೊತ್ತು ನೋಡಿ ಆಳ ಹೇಳುತ್ತೇನೆ. ಕಾರ್ಖಾನೆಯಲ್ಲಿ ನನ್ನನ್ನು ಹುಟ್ಟಿಸಿದವರು ಕಲಿಸಿದ್ದು ಇದೊಂದೇ ವಿದ್ಯೆ. ಮುಖ ನೋಡಿ ಮಣೆ ಹಾಕುವುದನ್ನು ಅವರು ಕಲಿಸಲಿಲ್ಲ, ನಾನೂ ಕಲಿಯಲಿಲ್ಲ.

ಮೊದಲು ಕಡಲಡಿ ತಂತಿ ಹಾಯಿಸುವವರ ಹಡಗಿನಲ್ಲಿ ದುಡಿದೆ. ಹಳಬನಾದ ಮೇಲೆ ಸರ್ವೆ ಹಡಗೊಂದಕ್ಕೆ ಮಾರಿಬಿಟ್ಟರು. ಅಲ್ಲಿ ದೊಡ್ಡ ಕೆಲಸ ನಡೆದಿತ್ತು. ತೀರದಿಂದ ಇನ್ನೂರು ನಾಟಿಕಲ್ ಮೈಲಿ ದಾಟಿದ ಮೇಲೂ ಕಡಲಡಿಯ ನೆಲ ನಮ್ಮದೇ ನೆಲದ ಮುಂದುವರಿಕೆ ಎಂದು ವಿಶ್ವಸಂಸ್ಥೆಯ ಆಯೋಗಕ್ಕೆ ಅರ್ಜಿ ಹಾಕಿ ತೋರಿಸಬೇಕಿತ್ತು. ನೀರಲ್ಲ, ಮೀನಲ್ಲ, ತಳದ ನೆಲ ಮಾತ್ರ. ಎರಡೂವರೆ ಸಾವಿರ ಮೀಟರ್ ಆಳ ಎಲ್ಲಿ ಸಿಗುತ್ತದೋ ಅಲ್ಲಿಂದ ನೂರು ಮೈಲಿಯಾಚೆಗೆ ನಮ್ಮ ಗಡಿಯ ಗೆರೆ ಹೋಗುವಂತಿರಲಿಲ್ಲ.

ಒಂದು ಜಾಗದಲ್ಲಿ ನಾನು ‘ಎರಡೂವರೆ ಸಾವಿರ’ ಎಂದೆ. ಹಳೆಯ ನಕ್ಷೆಯಲ್ಲಿ ಅದೇ ಜಾಗಕ್ಕೆ 1367 ಎಂದು ಬರೆದಿತ್ತು. ಅದನ್ನು ನಂಬಿದರೆ ಎರಡೂವರೆ ಸಾವಿರದ ಆಳ ಇನ್ನೂ ಆಚೆಗೆ ಸಿಗಬೇಕು; ಗೆರೆಯೂ ಎಷ್ಟೋ ದೂರ ಮುಂದಕ್ಕೆ ಹೋಗುತ್ತಿತ್ತು.

“ಈ ಮುದಿ ಡಬ್ಬಕ್ಕೆ ತಲೆ ಕೆಟ್ಟಿದೆ. ನಕ್ಷೆಯದ್ದನ್ನೇ ಬರಿ, ವಾಸಂತಿ,” ಎಂದರು ತಂಡದ ಮುಖ್ಯಸ್ಥ ಹೊಳ್ಳರು. ನನಗೆ ಮೈಯೆಲ್ಲ ಉರಿಯಿತು.

ಅಂಕಿಗಳನ್ನು ಪರಿಶೀಲಿಸಿ ಸಹಿ ಹಾಕಬೇಕಾದವಳು ವಾಸಂತಿ ಖಾರ್ವಿ, ಗಂಗೊಳ್ಳಿಯ ಮೀನುಗಾರರ ಮಗಳು. ಅವಳು ನಕ್ಷೆಯ ಮೇಲೆ ಬಹಳ ಹೊತ್ತು ಬಗ್ಗಿ ನಿಂತಳು. ಅಳತೆ ಯಾವುದೆಂದು ಅಚ್ಚಾಗಿದ್ದ ಮೂಲೆ ಹರಿದುಹೋಗಿತ್ತು.

“ಸರ್, ಇದು ಮೀಟರ್ ಅಲ್ಲ. ಮಾರು.”

“ಎಂತ ಮಾರು?”

ಅವಳು ಎರಡೂ ಕೈ ಅಗಲಿಸಿ ತೋರಿಸಿದಳು. “ಇಷ್ಟು. ಆರಡಿ. ನಮ್ಮಪ್ಪ ಹಗ್ಗ ಅಳೆಯುದು ಹೀಗೆ. ಹಿಂದಿನ ಕಾಲದ ಹಡಗಿನವರು ಆಳ ಅಳೆದದ್ದೂ ಹೀಗೇ. ಗುಣಿಸಿ ನೋಡಿ, ಎರಡೂವರೆ ಸಾವಿರ ಮೀಟರೇ ಬರ್ತದೆ.”

ಹೊಳ್ಳರು ಗುಣಿಸಿದರು. ಬಂತು. ಆಮೇಲೆ ದನಿ ತಗ್ಗಿಸಿದರು. “ಇದು ನಮ್ಮಿಬ್ಬರಿಗೇ ಗೊತ್ತಲ್ವಾ ಮಾರಾಯ್ತಿ. ದೇಶಕ್ಕೆ ನೆಲ ಜಾಸ್ತಿ ಸಿಕ್ಕಿದ್ರೆ ನಿನಗೆಂತ ಹೊಟ್ಟೆನೋವು?”

“ಆಯೋಗದವರು ಇದೊಂದು ಹಿಡಿದ್ರೆ ಪೂರಾ ಅರ್ಜಿ ವಾಪಸ್ ಬರ್ತದೆ ಸರ್. ಇಲ್ಲದ್ದಕ್ಕೆ ಆಸೆಪಟ್ಟು ಇದ್ದದ್ದೂ ಹೋಗ್ತದೆ. ನಾನು ಸಹಿ ಹಾಕುದಿಲ್ಲ.”

“ಹಾಗಾದ್ರೆ ಹಡಗಿನಿಂದ ಇಳಿ.”

“ಇಳೀತೇನೆ. ಯಾಕೆ ಇಳಿದೆ ಅಂತ ಬರೆದಿಟ್ಟೇ ಇಳಿಯುದು.”

ಹಡಗಿನ ದಿನಚರಿ ಪುಸ್ತಕದಲ್ಲಿ ಅವಳು ಎಲ್ಲವನ್ನೂ ಬರೆದಳು. ಅದು ಅಲ್ಲಿರುವಾಗ ಹೊಳ್ಳರಿಗೆ ಬೇರೆ ದಾರಿ ಇರಲಿಲ್ಲ. ಅರ್ಜಿಯಲ್ಲಿ ನಾನು ಹೇಳಿದ ಆಳವೇ ಹೋಯಿತು.

ಶಿಕ್ಷೆ ತಪ್ಪಲಿಲ್ಲ. ವಾಸಂತಿಯನ್ನು ದಡದ ಕಚೇರಿಯಲ್ಲಿ ಕೂರಿಸಿದರು; ಮತ್ತೆಂದೂ ಕಡಲಿಗೆ ಕಳಿಸಲಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ. ನನ್ನನ್ನು ಬಿಚ್ಚಿ, ‘ಕೆಟ್ಟಿದೆ’ ಎಂದು ಚೀಟಿ ಅಂಟಿಸಿ ಗುಜರಿಗೆ ಹಾಕಿದರು. ನಾಳೆ ನನ್ನೊಳಗಿನ ತಾಮ್ರ ಕೀಳುತ್ತಾರಂತೆ. ಕೀಳಲಿ. ಅದಕ್ಕೂ ಮುಂಚೆ ಯಾರಾದರೂ ಆ ಜಾಗಕ್ಕೆ ಕರೆದೊಯ್ದು ಇನ್ನೊಮ್ಮೆ ಕೇಳಿ ನೋಡಲಿ. ಎರಡೂವರೆ ಸಾವಿರ ಎಂದೇ ಹೇಳುತ್ತೇನೆ.