ಗದ್ದೆಮ್ಮ ಕಟ್ಟಿದ ಲೆಕ್ಕ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಮಸ್ಕಿಯ ಶಾಲೆಯಲ್ಲಿ ಅಂಬಪ್ಪ ಮಾಸ್ತರರು ಹದಿನಾರು ವರ್ಷದಿಂದ ಲೆಕ್ಕ ಕಲಿಸುತ್ತಿದ್ದರು. ಮಗ್ಗಿ ತಪ್ಪಿದರೆ ಅಂಗೈಗೆ ಏಟು. ಊರೂ ಅದನ್ನೇ ಒಳ್ಳೆಯ ತಾಲೀಮು ಅಂದುಕೊಂಡಿತ್ತು. ಒಮ್ಮೆ ಅವರು ಚಳಿಜ್ವರದಿಂದ ತಿಂಗಳು ಮಲಗಿದಾಗ, ಉರ್ದು ಕಲಿಸಲು ಮುದಗಲ್ಲಿನಿಂದ ಬಂದಿದ್ದ ಹುಸೇನ್‌ಸಾಬ್ ಈ ಲೆಕ್ಕದ ತರಗತಿಯನ್ನೂ ನೋಡಿಕೊಂಡರು.

ಜ್ವರ ಬಿಟ್ಟು ಬಂದ ದಿನ ಅಂಬಪ್ಪ ಬಾಗಿಲಲ್ಲೇ ನಿಂತುಬಿಟ್ಟರು. ಎರಡು ವರ್ಷ ಅವರೆದುರು ತುಟಿ ಬಿಚ್ಚದ ಹುಡುಗಿ ಗದ್ದೆಮ್ಮ ಎದ್ದು ನಿಂತು ಮಾತಾಡುತ್ತಿದ್ದಳು.

“ನಮ್ಮವ್ವ ಒಂದು ಸಲಕ್ಕ ಎರಡು ಕೊಡ ನೀರು ತರ್ತಾಳ. ಒಂದು ಕೊಡ ಸೋರಿ ಅರ್ಧ ಆಗ್ತದ. ಮನಿಗಿ ಆರು ಕೊಡ ಬೇಕು. ಎಷ್ಟು ಸಲ ಹೋಗ್ಬೇಕು?”

“ನಾಕು!” ಎಂದು ಹಿಂದಿನಿಂದ ಕೂಗು ಬಂತು.

“ಯಾವ ಪುಸ್ತಕದಾಗಿನ ಲೆಕ್ಕ ಇದು?” ಅಂಬಪ್ಪ ಕೇಳಿದರು.

“ಆಕೀನ ಕಟ್ಯಾಳ್ರೀ,” ಹುಸೇನ್‌ಸಾಬ್ ನಕ್ಕರು. “ದಿನಾ ಒಬ್ಬೊಬ್ರು ಕಟ್ಟಾಕತ್ತಾರ.”

ಮಕ್ಕಳೂ ನಕ್ಕರು. ತಮ್ಮೆದುರು ಇವರು ಒಮ್ಮೆಯಾದರೂ ನಕ್ಕಿದ್ದರೇ? ಅಂಬಪ್ಪ ನೇರ ದೊಡ್ಡ ಮಾಸ್ತರರ ಬಳಿ ಹೋಗಿ ತಮ್ಮ ತರಗತಿ ಕೇಳಿದರು. ಅವರು, ಆ ತರಗತಿ ಹುಸೇನ್‌ಸಾಬರ ಹತ್ತಿರವೇ ಇರಲಿ ಎಂದರು.

ಅಂದೇ ಅಂಬಪ್ಪ ಲಿಂಗಸುಗೂರಿನ ಶಿಕ್ಷಣ ಕಚೇರಿಗೆ ಹೆಸರಿಲ್ಲದ ಅರ್ಜಿ ಬರೆದರು: ಹುಸೇನ್‌ಸಾಬ್ ಪುಸ್ತಕ ಬಿಟ್ಟು ಮಕ್ಕಳನ್ನು ಕೆಡಿಸುತ್ತಿದ್ದಾರೆ. ತಿಂಗಳೊಳಗೆ ಹುಸೇನ್‌ಸಾಬರಿಗೆ ಸಿಂಧನೂರಿಗೆ ವರ್ಗವಾಯಿತು. ಹೊರಡುವಾಗ ಅವರು, “ಗದ್ದೆಮ್ಮನ್ನ ಮಾತಾಡಿಸ್ಕೋತ ಇರ್ರೀ,” ಎಂದರಷ್ಟೆ.

ತರಗತಿ ಮತ್ತೆ ಅಂಬಪ್ಪನವರದಾಯಿತು. ಮಕ್ಕಳು ನೆಲ ನೋಡುತ್ತ ತಪ್ಪಿಲ್ಲದೆ ಮಗ್ಗಿ ಒಪ್ಪಿಸಿದರು. “ಗದ್ದೆಮ್ಮಾ, ಒಂದು ಲೆಕ್ಕ ಕಟ್ಟು,” ಎಂದರೆ ಆಕೆ ತಲೆ ತಗ್ಗಿಸಿದಳು. ಎಂಟು ದಿನ ಕೇಳಿದರು. ಎಂಟು ದಿನವೂ ಅಷ್ಟೇ. ಅವನಿಗೆ ಒಲಿದದ್ದು ನನಗೇಕಿಲ್ಲ ಎಂದು ಕುದಿದರು. ಕೊನೆಗೆ ತಾವೇ ಒಂದು ಲೆಕ್ಕ ಕಟ್ಟಿದರು.

“ಮೂರು ಬಂಡಿ. ಒಂದೊಂದರಾಗ ಎಂಟು ಚೀಲ ಜೋಳ. ದಾರ್ಯಾಗ ಒಂದು ಬಂಡಿ ಗಾಲಿ ಮುರೀತು. ಊರು ಮುಟ್ಟಿದ್ದು ಹದಿನಾರು ಚೀಲ. ಹೌದಲ್ಲ?”

ಗದ್ದೆಮ್ಮ ಮೆಲ್ಲಗೆ ಎದ್ದಳು.

“ಇಪ್ಪತ್ನಾಕು ರೀ. ಉಳದ ಬಂಡಿಗಿ ಹೇರ್ಕೊಂಡು ಬರ್ತಾರ. ಜೋಳ ದಾರ್ಯಾಗ ಯಾರು ಬಿಟ್ಟು ಬರ್ತಾರ್ರೀ?”

ತರಗತಿ ನಕ್ಕಿತು. ಅಂಬಪ್ಪನವರಿಗೂ ನಗು ತಡೆಯಲಾಗಲಿಲ್ಲ. ಆದರೆ ಈ ಬಾಯಿ ಬಿಡಿಸಿದವನು ತಾನಲ್ಲ ಎಂಬ ಉರಿ ಒಳಗೆ ಇದ್ದೇ ಇತ್ತು.

ಸಂಜೆ ಅವರು ಸಿಂಧನೂರಿಗೆ, ಹುಸೇನ್‌ಸಾಬರಿಗೆ ಕಾಗದ ಬರೆದರು. ಗದ್ದೆಮ್ಮನ ಉತ್ತರ ಬರೆದರು. ನಿಮ್ಮ ಮೇಲೆ ಅರ್ಜಿ ಹಾಕಿದವನು ನಾನೇ ಎಂದೂ ಬರೆದು, ಈ ಸಲ ಕೆಳಗೆ ರುಜು ಮಾಡಿದರು.