ಮಾಳಿಗೆಯ ಮೇಲಿನ ದಿಬ್ಬ

ಆ ಮುಂಜಾನೆ ಕಲ್ಲೂರಿನಲ್ಲಿ ಎಲೆ ಅಲುಗದಷ್ಟು ಸೆಕೆಯಿತ್ತು. ಮೂಡಣದಲ್ಲಿ ಒಂದು ಕರಿಮೋಡ ಇಣುಕಿತ್ತು. ಮಳೆಗೆ ಮೊದಲೇ ಮಣ್ಣಿನ ಮಾಳಿಗೆಗೆ, ಸೋರದಂತೆ, ಹೊಸ ಸವುಳು ಮಣ್ಣು ಹಾಕಲು ವಿರೂಪಣ್ಣ, ಅವನ ಹೆಂಡತಿ ಹಂಪಮ್ಮ ಶಿವನಾಮ ಹೇಳುತ್ತ ಏಣಿ ಹತ್ತಿದರು. ಚಿಮುಕಿಸುವ ನೀರಿಗೆಂದು ನೆರೆಮನೆಯ ಮುನ್ನೀ ಬೀಯ ತಾಮ್ರದ ಬೋಗುಣಿ ತಂದಿದ್ದರು. ಮಣ್ಣು ಸುರಿದರು, ತುಳಿದರು, ತುಳಿಯುತ್ತ ಕುಣಿದೇಬಿಟ್ಟರು. ನಡುವೆ ಎದ್ದ ದಿಬ್ಬವನ್ನು ಲಿಂಗವೆಂದು ನಗುತ್ತ ಹಂಪಮ್ಮ ಸುತ್ತು ಹಾಕಿದಳು.

ಮಧ್ಯಾಹ್ನ ಮುನ್ನೀ ಬೀ ಗೋಡೆಯಾಚೆಯಿಂದ ಕರೆದಳು.

"ಯಕ್ಕಾ, ಬೋಗುಣಿ ಕೊಡವಾ. ಸಂಜಿಗೆ ರೋಜಾ ಉಪಾಸ ಬಿಡೋ ಮಂದಿಗೆ ಶರಬತ್ತು ಮಾಡಬೇಕು. ಬ್ಯಾರೆ ಬೋಗುಣಿ ಇಲ್ಲ."

ಬೋಗುಣಿ ಎಲ್ಲೂ ಇಲ್ಲ. ಹುಡುಕುತ್ತ ಹಂಪಮ್ಮ ಅಡುಗೆಮನೆಗೆ ಹೋದರೆ ಅಲ್ಲಿ ಕಗ್ಗತ್ತಲು.

"ಏನ್ರೀ, ಹಾಡಹಗಲ ಒಲಿ ಕಾಣವಲ್ದು. ಮಾಳಿಗಿ ಬೆಳಕಿಂಡಿಗೆ ಏನ್ ಮಾಡೀರಿ?"

"ಮಣ್ಣು ಒಳಗ ಬೀಳಬಾರ್ದಂತ ಮುಚ್ಚೀನಿ."

"ಏನ್ ಮುಚ್ಚೀರಿ?"

ವಿರೂಪಣ್ಣ ಮಾಳಿಗೆಯ ನಡುವಿಗೆ ಬೆರಳು ತೋರಿಸಿದ.

"ಮತ್ತ ನಾ ಸುತ್ತು ಹಾಕಿದ ಲಿಂಗ?"

"ಅದು ಮುನ್ನೀ ಬೀ ಬೋಗುಣಿ ನೋಡು."

ಹಂಪಮ್ಮ ನಕ್ಕು ನಕ್ಕು ಹೊಸ್ತಿಲ ಮೇಲೆ ಕುಸಿದಳು. ಇಬ್ಬರೂ ಮತ್ತೆ ಏಣಿ ಹತ್ತಿ ದಿಬ್ಬ ಅಗೆದು ಬೋಗುಣಿ ಎತ್ತಿದರು. ಬಿಸಿಲು ನೇರ ಒಲೆಯ ಮೇಲೆ ಬಿತ್ತು.

ಸಂಜೆಗೂ ಮೊದಲೇ ಹಂಪಮ್ಮ ಬೋಗುಣಿಯನ್ನು ಹುಣಸೆಹಣ್ಣಿನಿಂದ ಫಳಫಳ ತಿಕ್ಕಿ, ತನ್ನ ಗಿಡದ ನಿಂಬೆಹಣ್ಣು ತುಂಬಿ, ಗೋಡೆಯ ಮೇಲಿಂದ ಮುನ್ನೀ ಬೀಯ ಕೈಗಿಟ್ಟಳು.